ಮೆಚ್ಚುಗೆಯ ಹಲಗೆಯ ಮೇಲೊಂದು ದೂರು

ನಮ್ಮ ಇಂಗ್ಲಿಷ್ ಜನಕ್ಕೆ ದೂರು ಕೊಡಲು ಬರುವುದಿಲ್ಲ. ಹೋಟೆಲಿನಲ್ಲಿ ತಣ್ಣಗಾದ ಸೂಪು ಕೊಟ್ಟರೂ ಬಹಳ ಚೆನ್ನಾಗಿತ್ತು ಎಂದು ಹೇಳಿ, ಮನೆಗೆ ಬಂದು ಒಂದು ವಾರ ಬೈಯುತ್ತೇವೆ. ನಾನೂ ಆ ಪೈಕಿಯವಳೇ.

ನನ್ನ ಗಂಡ ವಿಲ್ಫ್‌ನ ರಕ್ತಪರೀಕ್ಷೆಯಾಗಿ ಇಪ್ಪತ್ತಮೂರು ದಿನವಾಗಿತ್ತು. ಪ್ರಾಸ್ಟೇಟ್ ಗ್ರಂಥಿಯ ಪರೀಕ್ಷೆ. ಅವನಪ್ಪ ಸತ್ತದ್ದು ಅದರ ಕ್ಯಾನ್ಸರಿನಿಂದಲೇ. ಒಂದು ವಾರದಲ್ಲಿ ಫೋನ್ ಮಾಡುತ್ತೇವೆ ಎಂದಿದ್ದ ಕ್ಲಿನಿಕ್ಕಿನವರು ಉಸಿರೆತ್ತಲಿಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನಾನೇ ಫೋನ್ ಹಚ್ಚುತ್ತಿದ್ದೆ. ಸಾಲಿನಲ್ಲಿ ನೀವು ಹತ್ತೊಂಬತ್ತನೆಯವರು ಎಂದು ಯಂತ್ರ ಹೇಳುತ್ತಿತ್ತು. ಸರದಿ ಬಂದಾಗ ಸಿಗುತ್ತಿದ್ದ ಉತ್ತರ ಒಂದೇ: "ಇನ್ನೂ ಏನೂ ಬಂದಿಲ್ಲ."

ಒಂದು ಮಧ್ಯಾಹ್ನ ವಿಲ್ಫ್ ನನ್ನನ್ನು ಸಿಂಕಿನ ಕೆಳಗೆ ಬಗ್ಗಿಸಿ, ಮನೆಗೆ ಬರುವ ನೀರನ್ನು ನಿಲ್ಲಿಸುವುದು ಹೇಗೆ ಎಂದು ತೋರಿಸಿದ.

"ನಿಂಗೂ ಗೊತ್ತಿರ್ಲಿ ಕಣೆ."

ಇಷ್ಟು ವರ್ಷ ಆ ಕೆಲಸವೆಲ್ಲ ಅವನದೇ ಆಗಿತ್ತು. ಅವತ್ತೇ ದೂರು ಬರೆಯಲು ಕುಳಿತೆ.

"ಬೇಡ್ವೇ ಎನಿಡ್. ರೋಗಿಗಳ ಪಟ್ಟಿಯಿಂದ ನಮ್ ಹೆಸ್ರು ಕಿತ್ತಾಕ್ತಾರೆ. ಊರಿಗಿರೋದೇ ಒಂದು ಕ್ಲಿನಿಕ್ಕು."

"ಮರ್ಯಾದೆಯಿಂದಾನೇ ಬರೀತೀನಿ, ಸುಮ್ನಿರು."

ಮರ್ಯಾದೆ ಅತಿಯಾಯಿತು. ಮೊದಲ ಪುಟ ಪೂರ್ತಿ ರಕ್ತ ತೆಗೆದ ನರ್ಸಿನ ಕೈಗುಣ, ಕೌಂಟರಿನ ಹುಡುಗಿಯರ ನಗುಮುಖ. ಎರಡನೆಯ ಪುಟದ ಕೊನೆಗೆ 'ಒಂದು ಸಣ್ಣ ವಿಷಯ, ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ' ಎಂದು ಪರೀಕ್ಷೆಯ ಮಾತು. ಸಾಲದ್ದಕ್ಕೆ ಒಂದು ಡಬ್ಬ ಬೆಣ್ಣೆ ಬಿಸ್ಕತ್ತನ್ನೂ ಕೊಟ್ಟು ಬಂದೆ!

ನಾಲ್ಕು ದಿನ ಬಿಟ್ಟು ಕ್ಲಿನಿಕ್ಕಿಗೆ ಹೋದರೆ, ನನ್ನ ಪತ್ರದ ಮೊದಲ ಪುಟ ಗೋಡೆಯ ಮೇಲಿತ್ತು. 'ನಮ್ಮ ರೋಗಿಗಳ ಮೆಚ್ಚುಗೆ' ಎಂಬ ಹಲಗೆಗೆ, ಹೂವಿನ ಕಾರ್ಡುಗಳ ನಡುವೆ, ಪಿನ್ನು ಚುಚ್ಚಿದ್ದರು. ಬಿಸ್ಕತ್ತು ಆಗಲೇ ಖಾಲಿಯಂತೆ.

ಮೈಯೆಲ್ಲ ಉರಿದುಹೋಯಿತು. "ಇದು ಮೆಚ್ಚುಗೆ ಅಲ್ಲ ಕಣ್ರೀ, ದೂರು!" ಎಂದು ಕೂಗಿಬಿಟ್ಟೆ. ಕಾಯುತ್ತಿದ್ದವರೆಲ್ಲ ತಮ್ಮ ತಮ್ಮ ಬೂಟುಗಳನ್ನು ನೋಡತೊಡಗಿದರು. ನಮ್ಮ ಹೆಸರು ಕಿತ್ತಂತೆಯೇ ಅಂದುಕೊಂಡೆ.

ವ್ಯವಸ್ಥಾಪಕಿ ಲೊರೇನ್ ಹೊರಗೆ ಬಂದು, ನನ್ನನ್ನು ತನ್ನ ಕೋಣೆಯಲ್ಲಿ ಕೂರಿಸಿ, ಒಂದು ಫಾರಂ ಮುಂದಿಟ್ಟಳು.

"ಕೂಗಿದ್ದಕ್ಕೆ ಸಾರಿ, ನಮ್ ಹೆಸ್ರು ಮಾತ್ರ ತೆಗೀಬೇಡಿ," ಅಂದೆ.

"ಸಾರಿ ಕೇಳ್ಬೇಕಾದೋಳು ನಾನು. ಇಲ್ಲಿ ನೋಡಿ, ಕೊನೇ ಸಾಲು. ನಾವೇನು ಮಾಡ್ಬೇಕು ಅಂತ ಬರೀರಿ. ದೂರು ಕೊಟ್ರು ಅಂತ ಯಾರ ಹೆಸ್ರನ್ನೂ ತೆಗ್ಯೋ ಹಾಗಿಲ್ಲಮ್ಮ."

ಒಂದೇ ವಾಕ್ಯ ಬರೆದೆ: ನನ್ನ ಗಂಡನಿಗೆ ಕ್ಯಾನ್ಸರ್ ಇದೆಯೋ ಇಲ್ಲವೋ ಹೇಳಿ.

ಅದನ್ನು ಓದಿ ಅವಳು ಕಂಪ್ಯೂಟರಿನ ಕಡೆ ತಿರುಗಿದಳು. ವರದಿ ಬಂದು ಹದಿನೆಂಟು ದಿನವಾಗಿತ್ತು! ಕೆಲಸ ಬಿಟ್ಟುಹೋದ ಡಾಕ್ಟರೊಬ್ಬರ ಹೆಸರಿನಲ್ಲಿ ಯಾರೂ ತೆರೆಯದೆ ಬಿದ್ದಿತ್ತು. ಪಕ್ಕದ ಕೋಣೆಯ ಡಾಕ್ಟರು ಎದ್ದು ಬಂದು ನೋಡಿದರು. ವಿಲ್ಫ್ ಮೊದಲೇ ಒಪ್ಪಿಗೆ ಬರೆದುಕೊಟ್ಟಿದ್ದರಿಂದ ನನಗೇ ಹೇಳಿದರು.

"ಏನೂ ಇಲ್ಲ. ಪೂರಾ ಸರಿಯಾಗಿದೆ."

ಫಾರಂ ಪಕ್ಕಕ್ಕೆ ಸರಿಸಿದೆ. "ಹಾಗಾದ್ರೆ ದೂರು ಬೇಡ ಬಿಡಿ," ಎಂದು ಹಳೆಯ ಚಾಳಿ ನನ್ನ ಬಾಯಿಗೆ ಬಂತು.

ಲೊರೇನ್ ಪರದೆಯನ್ನೇ ನೋಡುತ್ತಿದ್ದಳು. ಮುಖ ಬಿಳಿಚಿತ್ತು. "ಆ ಡಾಕ್ಟರ ಹೆಸ್ರಲ್ಲಿ ಇನ್ನೂ ಹದಿನಾಲ್ಕು ಜನರ ವರದಿ ಹೀಗೇ ಬಿದ್ದಿದೆ."

ಫಾರಂ ಎಳೆದುಕೊಂಡು ಸಹಿ ಹಾಕಿದೆ. ಅವಳು ಆಗಲೇ ಮೊದಲನೆಯವರಿಗೆ ಫೋನ್ ಹಚ್ಚುತ್ತಿದ್ದಳು.

ಹೊರಬಾಗಿಲಲ್ಲಿ ನಿಂತು ವಿಲ್ಫ್‌ಗೆ ಫೋನ್ ಮಾಡಿದೆ.

"ಏನೂ ಇಲ್ವಂತೆ ಕಣೋ."

ಆ ಕಡೆಯಿಂದ ಅಳು ಕೇಳಿಸಿತು. ಮದುವೆಯಾದ ನಲವತ್ತಾರು ವರ್ಷದಲ್ಲಿ ಅವನು ಅತ್ತದ್ದನ್ನು ನಾನು ಕೇಳಿರಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದೆ. ಒಳಗೆ ಹೋಗುವವರು ಸಾರಿ, ಸಾರಿ ಅನ್ನುತ್ತ ನನ್ನನ್ನು ಸುತ್ತಿಕೊಂಡು ಹೋದರು.