ಪಾಪಿಯನ್ನು ಸಾಕಿದವಳು

ಆ ಪ್ರಯೋಗಾಲಯದಲ್ಲಿ ಪ್ರತಿಯೊಂದು ಕ್ರಿಮಿಗೂ ಒಂದು ನಂಬರ್ ಇತ್ತು. ಹೆಸರಿದ್ದದ್ದು ಒಂದಕ್ಕೇ: ಪಾಪಿ. ಹೆಸರಿಟ್ಟವಳು ಅಲ್ಲಿನ ತಂತ್ರಜ್ಞೆ. ಅವಳನ್ನು ಜೊತೆಯವರು ಬೆನ್ನ ಹಿಂದೆ ‘ಕೆಂಡ’ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಬೆಳಿಗ್ಗೆ ಬಂದವಳೇ ಕೈಗವಸು ತೊಟ್ಟು, ಬೆಚ್ಚಗಿನ ಪೆಟ್ಟಿಗೆಯಿಂದ ಪಾಪಿಯ ತಟ್ಟೆ ತೆಗೆದು ಅದಕ್ಕೆ ಮೊದಲು ಮಂಗಳಾರತಿ ಮಾಡುತ್ತಿದ್ದಳು.

“ಏನೋ, ತಿಂದು ಕೊಬ್ಬಿದೀಯಾ? ತಿನ್ನು, ತಿನ್ನು. ನಿನ್ನ ಕಾಲ ಹತ್ತಿರ ಬಂತು.”

ತಟ್ಟೆಯಲ್ಲಿ ಇರುತ್ತಿದ್ದದ್ದು ಮಂಕು ಬಿಳಿಯ ಒಂದು ತೆಳು ಪದರ, ಅಷ್ಟೇ. ಬೈಸಿಕೊಳ್ಳಲು ಅದಕ್ಕೆ ಕಿವಿಯಿಲ್ಲ. ಹಾಗಂತ ಬೈಗುಳ ನಿಲ್ಲಿಸುವವಳೇ ಅವಳು?

ಅವಳ ಅಮ್ಮ ಮಾರುಕಟ್ಟೆಯಲ್ಲಿ ಮೀನು ಹೆಚ್ಚುತ್ತಿದ್ದಳು. ಒಂದು ದಿನ ಮೀಸೆ ಮೀನಿನ ಮುಳ್ಳು ಹೆಬ್ಬೆರಳಿಗೆ ನಾಟಿತು. ಅಂಥದ್ದು ಆ ಕೈಗೆ ಹೊಸತಲ್ಲ. ಬೆರಳು ಚೀಪಿ ಮತ್ತೆ ಕತ್ತಿ ಹಿಡಿದಳು. ಈ ಸಲ ಕೈ ಊದಿತು, ತೋಳು ಊದಿತು, ಜ್ವರ ನೆತ್ತಿಗೇರಿತು. ಆಸ್ಪತ್ರೆಯವರು ಒಂದಾದ ಮೇಲೊಂದು ಆಂಟಿಬಯಾಟಿಕ್ ಏರಿಸಿದರು. ಗಾಯದೊಳಗಿನ ಕ್ರಿಮಿ ಎಲ್ಲವನ್ನೂ ನೀರು ಕುಡಿದಷ್ಟು ಸುಲಭವಾಗಿ ಅರಗಿಸಿಕೊಂಡಿತು. “ಇದು ಯಾವುದಕ್ಕೂ ಬಗ್ತಾ ಇಲ್ಲಮ್ಮ” ಎಂದು ವೈದ್ಯರು ಕೈಚೆಲ್ಲಿದರು. ಅಮ್ಮ ಹೋದಳು, ಕ್ರಿಮಿ ಉಳಿಯಿತು. ಯಾವ ಔಷಧಿಗೂ ಜಗ್ಗದ ಅಪರೂಪದ ಪ್ರಾಣಿ ಎಂದು ಅದನ್ನು ಈ ಪ್ರಯೋಗಾಲಯಕ್ಕೆ ಕಳುಹಿಸಿ, ಫ್ರೀಜರಿನಲ್ಲಿ ಜೋಪಾನವಾಗಿ ಇರಿಸಿದ್ದರು. ಅಮ್ಮನನ್ನು ಮಣ್ಣು ಮಾಡಿ, ಅವಳನ್ನು ತಿಂದದ್ದನ್ನು ಜೋಪಾನ ಮಾಡುವುದೆಂದರೆ! ಮಗಳ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಆಸ್ಪತ್ರೆಯ ರಕ್ತಪರೀಕ್ಷೆಯ ಕೆಲಸ ಬಿಟ್ಟು, ಪಾಪಿ ಇದ್ದಲ್ಲಿಗೇ ಕೆಲಸ ಹುಡುಕಿಕೊಂಡು ಬಂದಳು.

ಅವಳ ಹಟ ಒಂದೇ. ಪಾಪಿಯನ್ನು ಕೊಲ್ಲುವ ವಸ್ತು ಸಿಗಬೇಕು, ಅದು ಸಾಯುವುದನ್ನು ತಾನು ಕಣ್ಣಾರೆ ನೋಡಬೇಕು. ಆಮೇಲೆ ಫ್ರೀಜರಿನಲ್ಲಿರುವ ಅದರ ವಂಶವನ್ನೆಲ್ಲ ಆಟೋಕ್ಲೇವ್ ಎಂಬ ಆ ದೊಡ್ಡ ಕುಕ್ಕರಿಗೆ ಹಾಕಿ, ತನ್ನ ಕೈಯಾರೆ ಬೇಯಿಸಿ ನಿರ್ನಾಮ ಮಾಡಬೇಕು.

ಪ್ರಯೋಗಾಲಯದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಅಂಥ ವಸ್ತುವನ್ನು ಅವರು ಹುಡುಕುತ್ತಿದ್ದದ್ದು ಮೀನಿನ ಮೈಮೇಲಿನ ಲೋಳೆಯಲ್ಲಿ. “ಮೀನು ಹಗಲೂ ರಾತ್ರಿ ಕೊಳಕು ನೀರಲ್ಲೇ ಇರುತ್ತೆ, ಆದ್ರೂ ಕೊಳೆಯಲ್ಲ. ಯಾಕೆ ಹೇಳು? ಲೋಳೆಯಲ್ಲಿ ಪೆಪ್ಟೈಡ್ ಅಂತ ಪ್ರೋಟೀನಿನ ಪುಟ್ಟ ತುಂಡುಗಳಿವೆ. ಕ್ರಿಮಿಯ ಹೊರಪೊರೆಗೆ ಅಂಟಿಕೊಂಡು ತೂತು ಕೊರೆದುಬಿಡ್ತವೆ” ಎಂದಿದ್ದರು. ತೂತು ಎಂಬ ಮಾತು ಅವಳಿಗೆ ಬಹಳ ಹಿಡಿಸಿತು. ಮೇಡಂ ಆರಿಸಿಕೊಂಡಿದ್ದದ್ದೂ ಮೀಸೆ ಮೀನನ್ನೇ. ತೊಟ್ಟಿಯ ಮುಂದೆ ನಿಂತು ಅವಳು ಮೀನಿಗೂ ಬಿಡದೆ ಹೇಳಿದಳು, “ಚುಚ್ಚಿದ್ದು ನೀನು ತಾನೇ? ಮುಚ್ಕೊಂಡು ಲೋಳೆ ಕೊಡು.”

ಮೀನು ಕೊಟ್ಟಿತು. ಶುದ್ಧ ನೀರು, ಹೊತ್ತು ಹೊತ್ತಿಗೆ ಆಹಾರ, ಅಳಿಯನಂಥ ಉಪಚಾರ. ಕೊಡದೆ ಏನು ಮಾಡೀತು? ಅವಳು ಮೆತ್ತಗೆ ಲೋಳೆ ಕೆರೆದು, ಪೆಪ್ಟೈಡುಗಳನ್ನು ಬೇರ್ಪಡಿಸಿ, ಕಾಗದದ ಪುಟ್ಟ ಬಿಲ್ಲೆಗೆ ಹನಿಸಿ ಪಾಪಿಯ ತಟ್ಟೆಯ ಮೇಲೆ ಇಡುತ್ತಿದ್ದಳು. ಬಿಲ್ಲೆಯ ಸುತ್ತ ಕ್ರಿಮಿ ಸತ್ತರೆ ಅಲ್ಲಿ ತಿಳಿಯಾದ ಬಳೆ ಮೂಡಬೇಕು. ತಿಂಗಳುಗಟ್ಟಲೆ ಏನೂ ಮೂಡಲಿಲ್ಲ. ಒಂದು ಬೆಳಿಗ್ಗೆ ಮೂಡಿತು, ಬೆರಳಿಗೆ ಹಾಕಿಕೊಳ್ಳಬಹುದಾದಷ್ಟು ಅಗಲ.

ಅವಳು ಕುಣಿದದ್ದಕ್ಕೆ ಪಕ್ಕದ ಕೋಣೆಯವರೂ ಓಡಿಬಂದರು. ಮೇಡಂ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ನಕ್ಕರು. ಆಮೇಲೆ ಕೇಳಿದರು, “ಈ ಕ್ರಿಮಿನ ಫ್ರೀಜರಿಂದ ತೆಗೆದದ್ದು ಯಾವಾಗ?”

“ಬಂದ ಹೊಸದರಲ್ಲಿ ಮೇಡಂ.”

“ಆಮೇಲೆ?”

“ತಟ್ಟೆಯಿಂದ ತಟ್ಟೆಗೆ ದಾಟಿಸ್ತಾ ಬಂದಿದೀನಿ.”

ಕೆಲವು ಸಲ ದಾಟಿಸಿದ ಮೇಲೆ ಫ್ರೀಜರಿನ ಮೂಲದಿಂದಲೇ ಮತ್ತೆ ಶುರು ಮಾಡಬೇಕೆಂಬುದು ಅಲ್ಲಿ ಮೊದಲ ದಿನವೇ ಕಲಿಸುವ ಪಾಠ. ಅವಳಿಗೂ ಗೊತ್ತಿತ್ತು. ಆದರೆ ಪಾಪಿಯನ್ನು ಫ್ರೀಜರಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಲು ಬಿಡುವುದು ಅವಳಿಂದ ಆಗುತ್ತಿರಲಿಲ್ಲ. ದಿನಾ ಮುಖ ನೋಡಬೇಕಿತ್ತು, ದಿನಾ ಬೈಯಬೇಕಿತ್ತು.

“ಕೋಪದಲ್ಲಿ ಇದನ್ನ ಸಾಕಿಬಿಟ್ಟಿದೀಯಲ್ಲಮ್ಮ” ಎಂದರು ಮೇಡಂ. “ಕೂತಲ್ಲಿಗೇ ಊಟ, ಹೊಡೆತ ಇಲ್ಲ, ಬಡಿತ ಇಲ್ಲ. ಹೀಗೆ ಬೆಳೆದದ್ದು ತನ್ನ ಗುರಾಣಿ ಕಳಚಿಡುತ್ತೆ. ನೀನು ಕೊಂದದ್ದು ಮುದ್ದಿನ ಮರಿಯನ್ನ.”

ಫ್ರೀಜರಿನ ಪಾಪಿಯನ್ನು ಎಬ್ಬಿಸಿ ಅದೇ ಬಿಲ್ಲೆ ಇಟ್ಟರು. ಮಾರನೆಯ ದಿನ ಬಿಲ್ಲೆಯ ಅಂಚಿನವರೆಗೂ ಕ್ರಿಮಿ ದಟ್ಟವಾಗಿ ಹಬ್ಬಿತ್ತು. ಬಳೆಯ ಸುಳಿವೇ ಇಲ್ಲ. ಅಮ್ಮನ ತೋಳು ಏರಿದ್ದು ಇದೇ. ಅವಳು ಕೈತೊಳೆಯುವ ನಲ್ಲಿಯ ಮುಂದೆ ನಿಂತು, ನೀರು ಜೋರಾಗಿ ಬಿಟ್ಟುಕೊಂಡು ಅತ್ತಳು. ಅಮ್ಮನ ಹಂತಕನಿಗೆ ಇಷ್ಟು ದಿನ ತಾನೇ ತುತ್ತಿಟ್ಟು ಬೆಳೆಸಿದ್ದೆ ಎಂಬ ಅವಮಾನ ಅವಳನ್ನು ಸುಡುತ್ತಿತ್ತು.

ಇನ್ನೊಂದು ಸುತ್ತು ನೋಡಿ, ಆಗದಿದ್ದರೆ ಈ ಕ್ರಿಮಿಯನ್ನು ಬಿಟ್ಟು ಬೇರೆಯದಕ್ಕೆ ಹೋಗೋಣ ಎಂದರು ಮೇಡಂ. ಬಿಡುವುದೇ? ಅವಳು ಸಿಟ್ಟಿನಲ್ಲಿ ತೊಟ್ಟಿಯ ಕಡೆ ತಿರುಗಿದಳು. ಮೀನುಗಳು ಹೊಟ್ಟೆ ತುಂಬಿ, ಮೀಸೆ ಅಲ್ಲಾಡಿಸುತ್ತ ತೇಲುತ್ತಿದ್ದವು. ಮೈಮೇಲೆ ಒಂದು ಗೀರಿಲ್ಲ. ಆಗ ಅವಳಿಗೆ ತಟ್ಟನೆ ಹೊಳೆಯಿತು: ಇವೂ ಮುದ್ದಿನ ಮರಿಗಳೇ. ಶತ್ರುವನ್ನೇ ಕಾಣದ ಮೀನು ಆಯುಧ ಯಾಕೆ ಮಸೆಯುತ್ತದೆ?

ಅಮ್ಮ ಹೋದಂದಿನಿಂದ ಅವಳು ಮಾರುಕಟ್ಟೆಗೆ ಕಾಲಿಟ್ಟಿರಲಿಲ್ಲ. ಅಮ್ಮನ ಕಟ್ಟೆಯ ಮೇಲೆ ಈಗ ಚಿಕ್ಕಮ್ಮ ಕೂರುತ್ತಿದ್ದಳು, ಅಮ್ಮನದೇ ಕತ್ತಿ ಹಿಡಿದು.

“ದಾರಿ ತಪ್ಪಿ ಬಂದ್ಯೇನೇ?” ಎಂದಳು ಚಿಕ್ಕಮ್ಮ.

“ಮೀಸೆ ಮೀನು ಬೇಕು ಚಿಕ್ಕಮ್ಮ. ಜೀವ ಇರಬೇಕು, ಮೈತುಂಬ ಗಾಯ ಇರಬೇಕು. ಕಚ್ಚಾಡಿ, ಗೀರಿಸಿಕೊಂಡು, ವಾಸಿಯಾಗ್ತಾ ಇರೋದು.”

“ಎಲ್ಲರೂ ಚೆನ್ನಾಗಿರೋದು ಕೇಳ್ತಾರೆ, ನಿನಗೆ ಜಗಳಗಂಟಿನೇ ಬೇಕಾ? ನಿನಗೆ ಸರಿಹೋಗುತ್ತೆ ಬಿಡು.” ಚಿಕ್ಕಮ್ಮ ಬುಟ್ಟಿಯ ತಳಕ್ಕೆ ಕೈಹಾಕಿ, ಯಾರೂ ಕೊಳ್ಳದ, ಬೆನ್ನೆಲ್ಲ ಕಿತ್ತುಹೋದ ಮೀನುಗಳನ್ನು ಬಕೆಟ್ಟಿಗೆ ಹಾಕಿದಳು. ಅಭ್ಯಾಸಬಲದಿಂದ ಲೋಳೆ ತೊಳೆಯಲು ಉಪ್ಪನ್ನೂ ಎತ್ತಿಕೊಂಡಳು. ಇವಳು ಕೂಗಿ ತಡೆದಳು. “ಯಾರಿಗೆ ಇದು?” ಎಂದು ಚಿಕ್ಕಮ್ಮ ಕೇಳಿದಾಗ, “ಅಮ್ಮನ ಕೊಂದದ್ದಕ್ಕೆ” ಎಂದಳು. ಚಿಕ್ಕಮ್ಮ ಉಪ್ಪು ಕೆಳಗಿಟ್ಟಳು.

ಗಾಯದ ಅಂಚಿನ ಲೋಳೆ ದಪ್ಪವಾಗಿತ್ತು. ಈ ಸಲ ಅವಳು ಎದುರಿಗಿಟ್ಟದ್ದು ಫ್ರೀಜರಿನ ಪಾಪಿಯನ್ನೇ, ಗುರಾಣಿಯ ಸಮೇತ. ಬೈಯಲಿಲ್ಲ. ಮಾರನೆಯ ಬೆಳಿಗ್ಗೆ ತಟ್ಟೆಯಲ್ಲಿ ಬಳೆ ಇತ್ತು. ಮೊದಲಿನದಕ್ಕಿಂತ ಸಣ್ಣದು, ಆದರೆ ನಿಜದ್ದು. ಮತ್ತೆ ಮೂಲದಿಂದ ತೆಗೆದು ನೋಡಿದಳು, ಮತ್ತೂ ಬಂತು. ಅವಳು ತಟ್ಟೆಯನ್ನು ಕಣ್ಣ ಹತ್ತಿರ ಹಿಡಿದು ಮನಸ್ಸು ತಣಿಯುವಷ್ಟು ನೋಡಿದಳು. ಎಷ್ಟು ನೋಡಿದರೂ ಪೂರ್ತಿ ತಣಿಯಲಿಲ್ಲ.

“ಔಷಧಿ ಅಂತ ಈಗಲೇ ಕನಸು ಕಾಣಬೇಡ” ಎಂದರು ಮೇಡಂ. “ತಟ್ಟೆಯಲ್ಲಿ ಕೊಂದದ್ದು ಮೈಯಲ್ಲೂ ಕೊಲ್ಲುತ್ತೆ ಅಂತಿಲ್ಲ. ಇನ್ನೂ ದೂರ ಇದೆ.”

“ಗೊತ್ತು ಮೇಡಂ. ಫ್ರೀಜರಿನ ಟ್ಯೂಬುಗಳನ್ನ ಕೊಡಿ. ಬೇಯಿಸ್ತೀನಿ.”

“ಬೇಯಿಸಿದ್ರೆ ನಾಳೆ ಯಾವುದರ ಮೇಲೆ ಪರೀಕ್ಷೆ ಮಾಡ್ತೀಯಾ? ಈ ಪೆಪ್ಟೈಡಿಗೆ ಇದಕ್ಕಿಂತ ಗಟ್ಟಿ ಎದುರಾಳಿ ಎಲ್ಲಿ ಸಿಗುತ್ತೆ?”

ಅವಳು ಬಹಳ ಹೊತ್ತು ಆಟೋಕ್ಲೇವಿನ ಮುಂದೆ ನಿಂತಳು. ಮುಚ್ಚಳ ತೆರೆದೇ ಇತ್ತು. ಆಮೇಲೆ ಹೊಸ ಟ್ಯೂಬುಗಳನ್ನು ತಂದು, ಚಳಿಗೆ ಸಾಯದಂತೆ ಗ್ಲಿಸರಿನ್ ಬೆರೆಸಿ, ಪಾಪಿಯನ್ನು ಒಂದೊಂದರಲ್ಲೂ ತುಂಬಿ ಫ್ರೀಜರಿನಲ್ಲಿಟ್ಟಳು.

ಸಂಜೆ ಖಾಲಿ ಬಕೆಟ್ ಹಿಂದಿರುಗಿಸಲು ಮಾರುಕಟ್ಟೆಗೆ ಹೋದಳು. ಚಿಕ್ಕಮ್ಮ ಕತ್ತಿ ನಿಲ್ಲಿಸಿ ಕೇಳಿದಳು, “ಸತ್ತಿತಾ?”

“ಸತ್ತಿತು. ಆದ್ರೆ ಒಂದಿಷ್ಟನ್ನ ಬದುಕಿಸಿಟ್ಟಿದೀನಿ.”

“ಅಯ್ಯೋ, ಯಾಕೇ?”

“ಒಂದು ಸಲ ಸತ್ತರೆ ಸಾಲದು ಚಿಕ್ಕಮ್ಮ. ದಿನಾ ಸಾಯಬೇಕು ಅದು.”

ಚಿಕ್ಕಮ್ಮ ಬುಟ್ಟಿಯ ತಳಕ್ಕೆ ಕೈಹಾಕಿ, ಇದ್ದುದರಲ್ಲೇ ಹೆಚ್ಚು ಗಾಯವಾದ ಮೀನನ್ನು ಆರಿಸಿ ಬಕೆಟ್ಟಿಗೆ ಹಾಕಿದಳು.