ಇಂಗದ ನೀರು

ಜರ್ಮನಿಯ ನ್ಯೂರೆಂಬರ್ಗಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದ ಸ್ಟ್ಯಾನಿ ಹನ್ನೆರಡು ವರ್ಷದ ಉಳಿತಾಯ ಸುರಿದು, ಪೇಟೆಯಿಂದ ಮೂವತ್ತು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಹಳೆಯ ಮನೆಯೊಂದನ್ನು ಕೊಂಡ. ಒಂಬತ್ತೇ ಮನೆಗಳ ಹಳ್ಳಿ. ಒಳಚರಂಡಿ ಅಲ್ಲಿಯವರೆಗೆ ಬಂದಿರಲಿಲ್ಲ. ಹಿತ್ತಲಿನ ಹಳೆಯ ಗುಂಡಿಗೇ ಎಲ್ಲ ಕೊಳೆನೀರು ಹೋಗುತ್ತಿತ್ತು.

ಮನೆಗೆ ಬಂದ ಮೂರನೆಯ ತಿಂಗಳು ಜಿಲ್ಲಾ ಕಚೇರಿಯಿಂದ ಕಾಗದ ಬಂತು. ಗುಂಡಿಯ ಪರವಾನಗಿ ಮುಗಿದಿದೆ, ಶುದ್ಧೀಕರಣದ ಹೊಸ ತೊಟ್ಟಿ ಹಾಕಿಸಿ ನೀರನ್ನು ಹಿತ್ತಲಿನಲ್ಲೇ ಇಂಗಿಸಬೇಕು, ಅದಕ್ಕೆ ಮೊದಲು ಮಣ್ಣಿನ ಪರೀಕ್ಷೆ ಆಗಬೇಕು.

ಪರೀಕ್ಷೆಗೆ ಬಂದ ಹೆರ್ ಬ್ರಾಂಟ್ ಹಿತ್ತಲಿನಲ್ಲಿ ಎರಡು ಸಣ್ಣ ಗುಂಡಿ ತೆಗೆದು, ಸಂಜೆ ನೀರು ತುಂಬಿಸಿ ಹೋದರು.

"ನಾಳೆ ನೋಡು, ಒಂದು ಹನಿ ಇರ್ಲಿಕ್ಕಿಲ್ಲ," ಎಂದ ಸ್ಟ್ಯಾನಿ ಹೆಂಡತಿ ಲಿಯೋನಾಳಿಗೆ. ಅವನ ಊರು ಬಂಟ್ವಾಳದ ಕಡೆ. ಅಲ್ಲಿಯ ತೂತುತೂತಾದ ಮುರಕಲ್ಲಿನ ನೆಲಕ್ಕೆ ಕೊಡಗಟ್ಟಲೆ ನೀರು ಹೊಯ್ದರೂ ಎಲ್ಲಿ ಹೋಯಿತೆಂದು ಗೊತ್ತಾಗುವುದಿಲ್ಲ.

ಬೆಳಿಗ್ಗೆ ಎರಡೂ ಗುಂಡಿಗಳಲ್ಲಿ ನೀರು ಹಾಗೆಯೇ ನಿಂತಿತ್ತು.

"ಸೇಬಿನ ಮರದ ಹತ್ತಿರ ಇನ್ನೊಂದು ತೆಗೀಬಹುದಾ?" ಎಂದು ಸ್ಟ್ಯಾನಿ ಮರಳಿ ಬಂದ ಬ್ರಾಂಟ್ ಅವರನ್ನು ಕೇಳಿದ. ಅವರು ಅಲ್ಲೂ ತೆಗೆದರು. ಮೊಣಕಾಲಾಳದಲ್ಲೇ ಹೆಂಚು ಮಾಡುವಂಥ ಜೇಡಿಮಣ್ಣು ಸಿಕ್ಕಿತು. ನೀರು ತುಂಬಿಸಿ ಅಳತೆಪಟ್ಟಿ ಇಳಿಸಿದರು. ಅರ್ಧ ಗಂಟೆಯಲ್ಲಿ ಇಳಿದದ್ದು ಎರಡು ಮಿಲಿಮೀಟರ್.

"ನಿಮ್ಮ ತಪ್ಪಲ್ಲ, ಮಣ್ಣೇ ಹೀಗೆ," ಎಂದರು ಬ್ರಾಂಟ್.

ತೊಟ್ಟಿಯಲ್ಲಿ ಶುದ್ಧವಾದ ನೀರನ್ನು ಹತ್ತಿರದ ಹಳ್ಳಕ್ಕೆ ಬಿಡಬಹುದಿತ್ತು. ಆದರೆ ಕೊಳವೆ ಪಕ್ಕದ ಮನೆಯ ಫ್ರಾವ್ ಲೇನರ್ ಅವರ ಹೊಲ ದಾಟಬೇಕು. ಸ್ಟ್ಯಾನಿ, ಲಿಯೋನಾ ಕೇಕ್ ಹಿಡಿದುಕೊಂಡು ಹೋದರು. ಮುದುಕಿ ಕಾಫಿ ಕೊಟ್ಟು, ಎಲ್ಲ ಕೇಳಿಸಿಕೊಂಡು, "ನೀವು ಒಳ್ಳೆಯವರು. ಆದರೆ ಬೇಡ," ಎಂದರು. ಕಾರಣ ಹೇಳಲಿಲ್ಲ. ಕೇಳುವ ಧೈರ್ಯ ಇವರಿಗಾಗಲಿಲ್ಲ.

ಉಳಿದದ್ದು ಒಂದೇ ದಾರಿ, ಸುತ್ತಲೂ ಮುಚ್ಚಿದ ತೊಟ್ಟಿ. ಒಂದು ಹನಿಯೂ ಹೊರಗೆ ಹೋಗುವುದಿಲ್ಲ. ತುಂಬಿದಾಗಲೆಲ್ಲ ಲಾರಿ ಬಂದು ಹೀರಿಕೊಂಡು ಹೋಗಬೇಕು, ಒಂದು ಸಲಕ್ಕೆ ಮುನ್ನೂರೈವತ್ತು ಯೂರೊ. ತೊಟ್ಟಿಗೆಂದು ಬ್ಯಾಂಕಿನಲ್ಲಿ ಮತ್ತೆ ಸಾಲವಾಯಿತು. ಲಿಯೋನಾ ಬಟ್ಟೆಗಳನ್ನು ಪೇಟೆಯ ಲಾಂಡ್ರಿಗೆ ಒಯ್ಯತೊಡಗಿದಳು. ಸ್ಟ್ಯಾನಿ ಕಾರ್ಖಾನೆಯಲ್ಲೇ ಸ್ನಾನ ಮುಗಿಸಿ ಬರುತ್ತಿದ್ದ. ಮನೆ ಮಾರಲು ನೋಡಿದರು. ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ಕೊಳೆನೀರಿನ ವಿಚಾರವನ್ನೇ.

ಮೇ ತಿಂಗಳಲ್ಲಿ ಸ್ಟ್ಯಾನಿಯ ಅಮ್ಮ ಮೇರಿ ಮೂರು ತಿಂಗಳಿರಲು ಬಂದರು. ಅವರಿಗೆ ಏನೂ ಹೇಳಬಾರದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಎರಡು ಹೊತ್ತು ಸ್ನಾನ, ತಲೆಗೆ ಎಣ್ಣೆ, ಮೀನು ತೊಳೆಯಲು ನಾಲ್ಕು ನೀರು. ಮೂರನೆಯ ವಾರಕ್ಕೇ ತೊಟ್ಟಿ ತುಂಬಿ ಲಾರಿ ಬಂತು. ಮೇರಿ ಕಿಟಕಿಯಲ್ಲಿ ನಿಂತು ನೋಡಿದರು, ಆಮೇಲೆ ಸೊಸೆಯನ್ನು ಕೂರಿಸಿಕೊಂಡು ಎಲ್ಲ ಕೇಳಿದರು.

ಮರುದಿನ ಬೆಳಿಗ್ಗೆ ಸ್ಟ್ಯಾನಿ ನೋಡುವಾಗ ಅಮ್ಮ ಅರ್ಧ ಚೊಂಬು ನೀರಿನಲ್ಲಿ ಮುಖ ತೊಳೆಯುತ್ತಿದ್ದರು.

"ಅಮ್ಮಾ, ಹೀಗೆಲ್ಲ ಮಾಡ್ಬೇಡಿ. ಬೇಕಾದಷ್ಟು ಬಳಸಿ."

"ನಂಗೆ ಇಷ್ಟೇ ಸಾಕು ಮಗಾ."

ಒಂದು ವಾರ ಹಾಗೆಯೇ ಕಳೆಯಿತು. ಭಾನುವಾರ ಊಟದ ಹೊತ್ತಿಗೆ ಮೇರಿ ತಲೆ ತಗ್ಗಿಸಿ ಹೇಳಿದರು: "ಟಿಕೆಟು ಸ್ವಲ್ಪ ಮುಂಚೆ ಸಿಗ್ತದಾ ನೋಡು. ನಂಗೆ ಇಲ್ಲಿಯ ಚಳಿ ಆಗಿ ಬರುದಿಲ್ಲ."

ಜೂನ್ ತಿಂಗಳು. ಹೊರಗೆ ಚೆನ್ನಾಗಿ ಬಿಸಿಲಿತ್ತು. ಲಿಯೋನಾ ಗಂಡನ ಮುಖ ನೋಡಿದಳು. ಬೇಡ, ಇರಿ ಎನ್ನಲು ಸ್ಟ್ಯಾನಿ ಬಾಯಿ ತೆರೆದ. ಆಮೇಲೆ ಫೋನ್ ತೆಗೆದು ಟಿಕೆಟಿನ ತಾರೀಖು ಹುಡುಕತೊಡಗಿದ.