ದಾಳಿಂಬೆ ಗಿಡದ ಮೇಲಿನ ಹಿಟ್ಟು

ಏಳು ಕೋಟೆ ದಾಟಿದರೆ ಸಿಗುವ ಒಂದು ಊರಲ್ಲಿ ಒಬ್ಬ ರಾಜಕುಮಾರಿ ಸೆರೆಯಲ್ಲಿದ್ದಳಂತೆ. ಅವಳ ತಾಯಿ ದಿನಾ ಬೆಳಿಗ್ಗೆ ಬಾಗಿಲಿಗೆ ಅಕ್ಕಿಹಿಟ್ಟಿನ ರಂಗೋಲಿ ಹಾಕುವಳಂತೆ. ಇರುವೆಗಳು ಒಂದೊಂದೇ ಕಣ ಹೊತ್ತು, ಗೋಡೆ ಹತ್ತಿ, ಕೋಟೆ ಹತ್ತಿ, ಮಗಳ ಅಂಗೈಗೆ ತಂದಿಡುತ್ತಿದ್ದವಂತೆ. ಹಿಟ್ಟು ಕಂಡ ದಿನ ಮಗಳು, ‘ಅಮ್ಮ ನನ್ನ ಮರೆತಿಲ್ಲ’ ಅಂದುಕೊಳ್ಳುತ್ತಿದ್ದಳಂತೆ.

ಈ ಕಥೆ ಹೇಳಿದ್ದು ನಮ್ಮಜ್ಜಿ ಸತ್ಯವತಿ. ಹೋದ ಯುಗಾದಿಗೆ ಮುಂಚೆ ತೀರಿಕೊಂಡಳು. ಆರ್.ಟಿ. ನಗರದ ನಮ್ಮ ಬಾಡಿಗೆ ಮನೆಯ ತಾರಸಿ ಮೇಲೆ, ಸೀಮೆಎಣ್ಣೆ ಡಬ್ಬದಲ್ಲಿ ಅವಳು ನೆಟ್ಟ ದಾಳಿಂಬೆ ಗಿಡ ಉಳಿಯಿತು. ಜೊತೆಗೆ ಅವಳು ಕೊಟ್ಟ ಒಂದು ಮಾತು.

ನಾವು ಹೆಬ್ಬಾಳದಲ್ಲಿದ್ದಾಗ ಅಜ್ಜಿ ಹಾಲಿಗೆ ಹೋಗುತ್ತಿದ್ದದ್ದು ಗೌರಮ್ಮನ ಮನೆಗೆ. ಎಪ್ಪತ್ತೈದನೇ ಇಸವಿಯಲ್ಲಿ ಬಡಾವಣೆಗೆಂದು ಅವರ ಹೊಲ ಹೋಯಿತು. ಹಿತ್ತಲ ದಾಳಿಂಬೆ ಮರಕ್ಕೆ ಕೊಡಲಿ ಬಿದ್ದ ದಿನ ಅಜ್ಜಿ ಒಂದು ಕಡ್ಡಿ ಮುರಿದುಕೊಂಡು, “ಅಳಬೇಡ ಗೌರೀ, ಇದರ ಮೊದಲ ಹಣ್ಣು ನಿನ್ನ ಕೈಗೇ ಬರುತ್ತೆ” ಅಂದಿದ್ದಳು.

ಆ ಕಡ್ಡಿಯೇ ಡಬ್ಬದ ಗಿಡ. ನೆಟ್ಟ ಐದನೇ ವರ್ಷಕ್ಕೆ, ಈ ಸಲ, ಮೊದಲ ಬಾರಿಗೆ ನಾಲ್ಕು ಕಾಯಿ ಕಚ್ಚಿತ್ತು. ನಾನು ಡಬ್ಬದ ಸುತ್ತ ದಿನಾ ಅಕ್ಕಿಹಿಟ್ಟಿನ ರಂಗೋಲಿ ಹಾಕತೊಡಗಿದೆ. ಇರುವೆಗಳು ಸಾಲುಗಟ್ಟಿ ಗಿಡ ಹತ್ತಿದವು. ಸ್ವಲ್ಪ ದಿನಕ್ಕೆ ಕೊಂಬೆಯ ಸಂದಿಗಳಲ್ಲಿ, ಕಾಯಿಯ ತೊಟ್ಟಿನಲ್ಲಿ ಬೆಳ್ಳಗೆ ಹಿಟ್ಟು. ನನ್ನ ಹಿಟ್ಟು ಅಜ್ಜಿಯ ಕಡೆಗೆ ಹೊರಟಿದೆ! ಇನ್ನಷ್ಟು ಹಾಕಿದೆ.

ಎಲೆಗಳ ಮೇಲೆ ಮಸಿ ಕಟ್ಟಿತು. ಮೂರು ಕಾಯಿ ಉದುರಿದವು.

“ಇರುವೆ ಸಾಕ್ಕೊಂಡು ಕೂತಿದ್ದೀಯಲ್ಲೇ ಗೋದಾ! ಆ ಡಬ್ಬ ಎತ್ತಿ ಆಚೆ ಹಾಕು,” ಅಂದಳು ಅಮ್ಮ.

ಹಿಟ್ಟು ಹತ್ತಿದ ಒಂದು ಕಡ್ಡಿಯನ್ನು ಕಾಗದದಲ್ಲಿ ಸುತ್ತಿಕೊಂಡು, ಯಶವಂತಪುರದಲ್ಲಿ ಬಸ್ಸು ಬದಲಾಯಿಸಿ ಗೊರಗುಂಟೆಪಾಳ್ಯಕ್ಕೆ ಹೋದೆ. ಗೌರಮ್ಮ ಈಗ ಅಲ್ಲಿ ಮಗಳ ಮನೆಯಲ್ಲಿದ್ದರು. ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ನಿಮ್ಮಜ್ಜಿ ಸುಳ್ಳಿ ಕಣವ್ವಾ. ಅಣ್ಣು ಕೊಡ್ತೀನಿ ಅಂದ್ಬುಟ್ಟು ತಾನೇ ಒಂಟೋದ್ಲು,” ಎಂದು ನಕ್ಕರು.

ನಾನು ಕಾಗದ ಬಿಚ್ಚಿ ರಂಗೋಲಿಯ ವಿಷಯ ಹೇಳಿದೆ. ಅವರು ಕಡ್ಡಿಯನ್ನು ಕಣ್ಣಿನ ಹತ್ತಿರ ಹಿಡಿದು, ಬಿಳಿಯದನ್ನು ಉಗುರಿನಿಂದ ಒತ್ತಿದರು. ಅಂಟು ರಸ ಒಸರಿತು.

“ಇಟ್ಟಲ್ಲ ಕಣೇ, ಉಳ! ಗಿಡದ ರಸ ಕುಡಿದು ಸೀನೀರು ಬಿಡ್ತದೆ. ಅದ ನೆಕ್ಕಾಕೆ ಇರುವೆ ಬತ್ತವೆ, ಕುರಿ ಕಾಯೋನಂಗೆ ಉಳಾನ ಕಾಯ್ತವೆ. ನೀನು ಕಾಯೋನ್ಗೆ ದಿನಾ ಕರ್ದು ಊಟ ಇಕ್ಕಿದ್ದೀಯ!”

ನನಗೆ ನಗು ಬರಲಿಲ್ಲ. “ಅಜ್ಜಿಗೆ ಅಂತ ಹಾಕ್ತಿದ್ದೆ ಗೌರಜ್ಜಿ. ತಲುಪುತ್ತೆ ಅಂತ.”

ಅವರು ಕಡ್ಡಿಯನ್ನು ಮತ್ತೆ ಕಾಗದದಲ್ಲಿ ಸುತ್ತಿದರು. “ಆ ಕತೆ ನಂಗೂ ಯೋಳಿದ್ಲು,” ಅಂದರು. “ಗೇಟಿನ ತಾವ ಆಕವ್ವ. ಅಲ್ಲಿಂದ್ಲೂ ಓಯ್ತದೆ.”

ಆಮೇಲೆ ಏನೇನು ಮಾಡಬೇಕೆಂದು ಹೇಳಿಕೊಟ್ಟರು. ಹಾಗೇ ಮಾಡಿದೆ. ಹುಳ ಮುತ್ತಿದ ರೆಂಬೆ ಕತ್ತರಿಸಿ ಸುಟ್ಟೆ. ಸೋಪಿನ ನೀರಿಗೆ ನಾಲ್ಕು ತೊಟ್ಟು ಹೊಂಗೆಎಣ್ಣೆ ಕದಡಿ, ಅಜ್ಜಿಯ ಹಳೇ ಸೀರೆಯ ಚೂರು ಅದ್ದಿ, ಸಂದಿಸಂದಿ ಒರೆಸಿದೆ. ನೀರು ತುಂಬಿದ ಬಾಂಡ್ಲಿಯಲ್ಲಿ ಇಟ್ಟಿಗೆ ಇಟ್ಟು ಅದರ ಮೇಲೆ ಡಬ್ಬ ಕೂರಿಸಿದೆ. ಇರುವೆಗಳಿಗೆ ಅದೇ ಸಮುದ್ರ. ಎಂಟು ದಿನಕ್ಕೊಮ್ಮೆ ಮತ್ತೆ ಒರೆಸಿದೆ. ಬೆಳಿಗ್ಗೆ ಡಬ್ಬದ ಸುತ್ತ ಬರೀ ನೆಲ ಕಂಡಾಗ ಅಜ್ಜಿ ಇನ್ನೊಂದು ಸಲ ಹೋದ ಹಾಗಾಗುತ್ತಿತ್ತು. ಕೆಳಗಿಳಿದು ಗೇಟಿಗೆ ರಂಗೋಲಿ ಹಾಕಿ ಬರುತ್ತಿದ್ದೆ.

ಉಳಿದ ಒಂದೇ ಕಾಯಿ, ತೊಟ್ಟಿನ ಬಳಿ ಒಂದು ಕಪ್ಪು ಕಲೆ ಹೊತ್ತುಕೊಂಡೇ, ಶಿವರಾತ್ರಿ ಕಳೆದ ಮೇಲೆ ಕೆಂಪೇರಿತು.

ಕಿತ್ತು ಗೊರಗುಂಟೆಪಾಳ್ಯಕ್ಕೆ ಒಯ್ದೆ. ಗೌರಮ್ಮ ಅದನ್ನು ನೋಡಿ ಸೆರಗಿಗೆ ಕೈ ಒರೆಸಿಕೊಂಡರು.

“ಏಟ್ ಚಿಕ್ಕದವ್ವಾ! ಕೋಳಿಮೊಟ್ಟೆ ಗಾತ್ರ.”

“ವಾಪಸ್ ತಗೊಂಡು ಹೋಗ್ಲಾ ಹಂಗಾದ್ರೆ?”

“ಕೊಡೇ ಸುಮ್ನೆ,” ಎಂದು ಎರಡೂ ಅಂಗೈ ಒಡ್ಡಿದರು.

ಇಟ್ಟೆ.